ಹದಿನಾಲ್ಕು ಲಕೋಟೆ, ಒಂದೇ ಕೈಬರಹ

ಗ್ರಂಥಾಲಯ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮದೇ ಕಚೇರಿಯ ಟಪಾಲು ಗುಮಾಸ್ತೆಯ ಬದುಕನ್ನು ನೀವು ಒಂದೇ ಒಂದು ಸುತ್ತೋಲೆಯಿಂದ ಹಾಳು ಮಾಡಿದಿರಿ. ಅದಕ್ಕೇ ಈ ಪತ್ರ. ಇದಕ್ಕೂ ಮುಂಚೆ ಮೂರು ಅರ್ಜಿ ಕೊಟ್ಟಿದ್ದೆ. ಮೂರಕ್ಕೂ 'ಪರಿಶೀಲನೆಯಲ್ಲಿದೆ' ಎಂಬ ಉತ್ತರ ಬಂತು. ಪರಿಶೀಲನೆಗೆ ಹೋದ ಕಾಗದ ನಿಮ್ಮಲ್ಲಿಂದ ವಾಪಸು ಬಂದದ್ದನ್ನು ಯಾರೂ ಕಂಡಿಲ್ಲವಾದ್ದರಿಂದ, ಈ ಸಲ ಊರೆಲ್ಲ ಓದುವ ಹಾಗೆ ಬರೆಯುತ್ತಿದ್ದೇನೆ. ನಿಮ್ಮ ಹಾಜರಿ ಪುಸ್ತಕದಲ್ಲಿ ಅವಳನ್ನು ಗಂಡಸೆಂದು ಬರೆದುಕೊಂಡಿದ್ದೀರಿ. ಪುಸ್ತಕ ತಪ್ಪು. ಅವಳ ವಿಷಯ ಬರೆಯಲು ಅವಳ ಒಪ್ಪಿಗೆ ಕೇಳಿದೆ. "ಬರಿ ಅಕ್ಕ, ಮುಚ್ಚಿಡೋಕೆ ಇನ್ನೇನು ಉಳಿದಿದೆ?" ಅಂದಳು.

ನಾನು ಬೋರ್ಡು ಬರೆಯುವವಳು. ಅಂಗಡಿ, ಶಾಲೆ, ಆಸ್ಪತ್ರೆ, ಶೌಚಾಲಯ, ಎಲ್ಲದರ ಮೇಲೂ ನನ್ನ ಅಕ್ಷರವಿದೆ. ನಿಮ್ಮ ಹದಿನಾಲ್ಕು ಶಾಖೆಗಳ ಬಾಗಿಲಲ್ಲಿ 'ಎಲ್ಲರಿಗೂ ಮುಕ್ತ ಪ್ರವೇಶ' ಎಂದು ಕೆಂಪು ಬಣ್ಣದಲ್ಲಿ ಬರೆದವಳೂ ನಾನೇ. ಬರೆಯುವಾಗ ನಗು ಬಂದಿರಲಿಲ್ಲ, ಈಗ ಬರುತ್ತಿದೆ. ನಾನು ಹುಟ್ಟಿದಾಗ ನನ್ನನ್ನೂ ಗಂಡೆಂದೇ ಬರೆದುಕೊಂಡಿದ್ದರು. ಇಪ್ಪತ್ತಾರನೇ ವಯಸ್ಸಿನಲ್ಲಿ ಒಂದು ದಿನ ಔಷಧಿ ಅಂಗಡಿಯ ಮುಂದೆ ಏಣಿ ಹತ್ತಿ ಬಣ್ಣ ಹಚ್ಚುತ್ತಿದ್ದೆ. ಕೆಳಗಿನಿಂದ ಯಾರೋ ಹೆಂಗಸು, "ಅಕ್ಕಾ, ಸ್ವಲ್ಪ ಏಣಿ ಸರಿಸ್ತೀರಾ, ಒಳಗೆ ಹೋಗ್ಬೇಕು" ಅಂದಳು. ಏಣಿ ಸರಿಸುವುದನ್ನೇ ಮರೆತು ಬ್ರಶ್ಶು ಹಿಡಿದು ನಿಂತುಬಿಟ್ಟೆ. ಅವಳು ಮೂರು ಸಲ ಕರೆಯಬೇಕಾಯಿತು. ನಿಜ ಹೇಳಬೇಕೆಂದರೆ, ಎರಡನೇ ಸಲಕ್ಕೇ ಕೇಳಿಸಿತ್ತು. ಮೂರನೆಯದು ನನ್ನ ಆಸೆಬುರುಕತನ.

ಇಂಥ ದಿನಗಳನ್ನೇ ಒಂದೆಡೆ ಸೇರಿಸಿ ಝೀನ್ ಮಾಡಲು ಹೊರಟೆವು. ಝೀನ್ ಎಂದರೆ ಬಾಂಬು ಎಂದು ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ. ಕೈಯಲ್ಲಿ ಬರೆದು, ಜೆರಾಕ್ಸ್ ಮಾಡಿಸಿ, ಮಡಚಿ, ನಡುವೆ ಎರಡು ಪಿನ್ನು ಹೊಡೆದು ಹಂಚುವ ಪುಟ್ಟ ಪತ್ರಿಕೆ, ಅಷ್ಟೇ. ಮೈ ಒಂದು ಹೇಳಿ ಮನಸ್ಸು ಇನ್ನೊಂದು ಹೇಳುವಾಗಿನ ಸಂಕಟಕ್ಕೆ ಡಾಕ್ಟರು ಡಿಸ್ಫೋರಿಯಾ ಅನ್ನುತ್ತಾರೆ. ನಾನು ನಾನೇ ಎಂದು ಮೈಗೂ ಅನ್ನಿಸುವ ಗಳಿಗೆಯ ಖುಷಿಗೆ ಯೂಫೋರಿಯಾ. ನಾವು 'ಹೊಂದದ ದಿನ', 'ಹೊಂದಿದ ದಿನ' ಎಂದು ಎರಡು ಭಾಗ ಮಾಡಿಕೊಂಡೆವು. ನಿಮ್ಮ ಕಚೇರಿಯ ಲಿಖಿತ ಅನುಮತಿ ಪಡೆದು ಭಾನುವಾರ ಬೆಳಿಗ್ಗೆ ಕೇಂದ್ರ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ಕೂರುತ್ತಿದ್ದೆವು. ಇಪ್ಪತ್ತೊಂದು ಜನ ಬರೆದರು. ಮನೆಯವರು ಇಂದಿಗೂ ಮಗಳೆಂದೇ ಕರೆಯುವ ಬಸ್ ಕಂಡಕ್ಟರೊಬ್ಬ, ಕ್ಷೌರದಂಗಡಿಯಲ್ಲಿ "ಗಡ್ಡ ತೆಗೀಲಾ ಅಣ್ಣ?" ಎಂದು ಕೇಳಿಸಿಕೊಂಡ ದಿನದ ಬಗ್ಗೆ ಬರೆದ. ಗಡ್ಡ ಇರಲಿಲ್ಲ. ಆದರೂ ಪೂರ್ತಿ ತೆಗೆಸಿಕೊಂಡು, ಕನ್ನಡಿಯಲ್ಲಿ ಎರಡೂ ಕೆನ್ನೆ ನೋಡಿಕೊಂಡು ಎದ್ದು ಬಂದನಂತೆ (ಇದನ್ನು ಬರೆಯಲು ಅವನೂ ಒಪ್ಪಿದ್ದಾನೆ). ಅವತ್ತು ಆ ಕೋಣೆಯಲ್ಲಿ ನಾವು ಹೊಟ್ಟೆ ಹಿಡಿದುಕೊಂಡು ನಕ್ಕೆವು. ಇದೇ ನಿಮ್ಮ ಕಡತದಲ್ಲಿರುವ 'ಆಕ್ಷೇಪಾರ್ಹ ಚಟುವಟಿಕೆ'.

ನಮ್ಮದೊಂದು ಕಟ್ಟುನಿಟ್ಟಿನ ನಿಯಮವಿತ್ತು. ಯಾರೇ ಬರೆದು ತಂದರೂ ಅದನ್ನು ಅಲ್ಲೇ ಕೂತು ನಾನು ನನ್ನ ಅಕ್ಷರದಲ್ಲಿ ನಕಲು ಮಾಡಬೇಕು, ಮೂಲವನ್ನು ಆ ಕೂಡಲೇ ಹರಿದು ಹಾಕಬೇಕು. ಕೈಬರಹದಿಂದ ಯಾರ ಗುಟ್ಟೂ ಬಯಲಾಗಬಾರದಲ್ಲ! ನನ್ನ ಅಕ್ಷರ ಹೇಗೂ ಊರಿಗೆಲ್ಲ ಗೊತ್ತು, ನನ್ನ ವಿಷಯವೂ ಗೊತ್ತು, ನನಗೆ ಹೋಗುವುದೇನಿಲ್ಲ. ಇಪ್ಪತ್ತು ಪುಟ ಹಾಗೇ ಮಾಡಿದೆ. ಇಪ್ಪತ್ತೊಂದನೆಯದು ನಿಮ್ಮ ಗುಮಾಸ್ತೆಯದು. ಅವಳ ಅಕ್ಷರ ನೋಡಿದ್ದೀರಾ ನೀವು? ಮೂವತ್ತು ವರ್ಷ ಅಕ್ಷರ ಬರೆದೇ ಹೊಟ್ಟೆ ಹೊರೆದ ನನಗೆ ಅದನ್ನು ಹರಿಯಲು ಕೈ ಬರಲಿಲ್ಲ. ಒಂದು ವಾರ ಇಟ್ಟುಕೊಂಡು ನೋಡುತ್ತೇನೆ ಎಂದು ಫೈಲಿನಲ್ಲೇ ಬಿಟ್ಟೆ. ಆ ವಾರವೇ ನಿಮ್ಮ ಆದೇಶದ ಮೇರೆಗೆ ಕೋಣೆಗೆ ಬೀಗ ಬಿತ್ತು, ಫೈಲು ನಿಮ್ಮ ಮೇಜಿಗೆ ಬಂತು. ತಪ್ಪಿನ ಅರ್ಧ ನನ್ನದು. ಅದನ್ನು ನಾನು ದಿನವೂ ಹೊರುತ್ತಿದ್ದೇನೆ. ಉಳಿದರ್ಧವನ್ನು ನೀವು ಎಲ್ಲಿ ಇಳಿಸಿ ಬಂದಿದ್ದೀರಿ ಹೇಳಿ?

ಆ ಪುಟದಲ್ಲಿ ಇದ್ದದ್ದೇನು? ಅವಳ ಅಣ್ಣನ ಮಗಳಿಗೆ ನಾಲ್ಕು ವರ್ಷ. ಮನೆಯಾಟ ಆಡುವಾಗ ಮಗು ಇವಳಿಗೆ ಒಂದು ಟವೆಲ್ಲನ್ನು ಸೆರಗು ಮಾಡಿ ಹೊದಿಸಿ, "ನೀನು ನನ್ನ ಅತ್ತೆ, ಆಯ್ತಾ?" ಅಂದಿತು. "ಆಟ ಮುಗಿಯಿತು, ಮಗು ಹಾಲು ಕುಡಿಯಲು ಓಡಿತು. ನಾನು ಮಾತ್ರ ಏಳಲಿಲ್ಲ" ಎಂದು ಅವಳು ಬರೆದಿದ್ದಳು. ಇದನ್ನು ಓದಿ ನಿಮ್ಮ ಮೈಯಲ್ಲಿ ಏನು ಹೊತ್ತಿಕೊಂಡಿತೋ, ಎಲ್ಲ ಶಾಖೆಗಳಿಗೂ ಸುತ್ತೋಲೆ ಹೊರಡಿಸಿದಿರಿ: 'ಇಂತಹ ಬರಹಗಳನ್ನು ಸಿಬ್ಬಂದಿ ಗುರುತಿಸಲು ಅನುಕೂಲವಾಗುವಂತೆ ಮಾದರಿ ಪುಟವೊಂದನ್ನು ಲಗತ್ತಿಸಿದೆ.' ಓದಬಾರದ್ದು ಯಾವುದೆಂದು ತಿಳಿಸಲು ಹದಿನಾಲ್ಕು ಕಡೆ ಓದಿಸಿದ ಮಹಾನುಭಾವರು ನೀವು. ಮಾದರಿಗೆ ಅವಳ ಪುಟವನ್ನೇ ಏಕೆ ಆರಿಸಿದಿರಿ ಎಂದು ವಿಚಾರಿಸಿದೆ. ಅಕ್ಷರ ಸ್ಫುಟವಾಗಿದ್ದುದರಿಂದ ಜೆರಾಕ್ಸಿನಲ್ಲಿ ಚೆನ್ನಾಗಿ ಮೂಡುತ್ತದೆ ಎಂದಿರಂತೆ.

ಇನ್ನು ಮುಂದಿನದನ್ನು ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಅಳು ಎಂದುಕೊಳ್ಳಬೇಡಿ. ನಿಮ್ಮ ಕಚೇರಿಯಲ್ಲಿ ಲಕೋಟೆಗಳ ಮೇಲಿನ ವಿಳಾಸವನ್ನು ಇವತ್ತಿಗೂ ಟಪಾಲು ಗುಮಾಸ್ತರೇ ಕೈಯಲ್ಲಿ ಬರೆಯಬೇಕು. ಸುತ್ತೋಲೆಗಳ ಕಟ್ಟು ಅವಳ ಮೇಜಿಗೇ ಬಂತು. ತನ್ನದೇ ಪುಟವನ್ನು ಹದಿನಾಲ್ಕು ಸಲ ಮಡಚಿ ಲಕೋಟೆಗೆ ಹಾಕಿದಳು. ಒಲ್ಲೆ ಎಂದರೆ ಅನುಮಾನ ಬರುತ್ತದೆ. ಬರೆದರೆ ಅಕ್ಷರ ಹೇಳುತ್ತದೆ. ಕೊನೆಗೆ ಎಡಗೈಯಲ್ಲಿ ಬರೆಯತೊಡಗಿದಳು.

"ಏನಯ್ಯ ಇದು, ಕೋಳಿ ಕೆದರಿದ ಹಾಗೆ?" ಅಂದರು ನಿಮ್ಮ ಹೆಡ್ ಗುಮಾಸ್ತರು.

"ಕೈ ನೋಯ್ತಿದೆ ಸರ್."

"ಹದಿನಾಲ್ಕು ವಿಳಾಸಕ್ಕೆ ಎಂಥ ಕೈ ನೋವು? ಸಾಹೇಬ್ರು ನೋಡಿದ್ರೆ ನನ್ನ ಬೆವರಿಳಿಸ್ತಾರೆ. ಇವನ್ನೆಲ್ಲ ಹರಿದು ಹಾಕು. ನಿನ್ನ ಮಾಮೂಲಿ ಅಕ್ಷರದಲ್ಲಿ ನೆಟ್ಟಗೆ ಬರಿ."

ನೆಟ್ಟಗೆ ಬರೆದಳು. ಮೂರನೇ ದಿನ ಯಾವುದೋ ಶಾಖೆಯ ಒಬ್ಬ ಲಕೋಟೆಯನ್ನೂ ಒಳಗಿನ ಪುಟವನ್ನೂ ಅಕ್ಕಪಕ್ಕ ಇಟ್ಟು ಫೋಟೊ ತೆಗೆದ. ನಾಲ್ಕನೇ ದಿನ ಆ ಫೋಟೊ ಅವಳ ಅಣ್ಣನ ಫೋನಿಗೆ ಬಂತು. ಐದನೇ ದಿನ ನೀವು ಅವಳನ್ನು ನೆಲಮಾಳಿಗೆಯ ಹಳೇ ಕಡತಗಳ ಕೋಣೆಗೆ ಎತ್ತಿಹಾಕಿದಿರಿ, 'ಆಡಳಿತಾತ್ಮಕ ಕಾರಣಗಳಿಂದ'. ಸಂಜೆ ಮನೆಗೆ ಹೋದರೆ ಅಣ್ಣ ಬಾಗಿಲಲ್ಲೇ ತಡೆದು, "ನನ್ನ ಮಗಳ ಹತ್ರ ಸುಳೀಬೇಡ" ಅಂದ. ಈಗ ಅವಳು ಬಟ್ಟೆ ಅಂಗಡಿಯ ಮೇಲಿನ ಬಾಡಿಗೆ ಕೋಣೆಯಲ್ಲಿದ್ದಾಳೆ. ಪೆನ್ನು ಹಿಡಿಯುವುದಿಲ್ಲ. ಹಾಲಿನವನಿಗೆ ಚೀಟಿ ಬರೆಯಬೇಕಾದರೂ ನನ್ನನ್ನು ಕೇಳುತ್ತಾಳೆ.

ನಿಮ್ಮನ್ನು ಕಾಣಲು ಬಂದಿದ್ದೆ, ನೆನಪಿದೆಯೇ? "ನಾನು ಯಾರ ಹೆಸರನ್ನೂ ಹಾಕಿಲ್ಲವಲ್ಲಮ್ಮ" ಎಂದು ಕೈ ತೊಳೆದುಕೊಂಡಿರಿ. 'ಅಮ್ಮ' ಅಂದಿರಿ ನನ್ನನ್ನು! ಬಾಯಿಗೆ ಮರ್ಯಾದೆ ಗೊತ್ತಿದೆ, ಕೈಗೆ ಮಾತ್ರ ಗೊತ್ತಿಲ್ಲ. ಸರಿ, ನಾವೂ ನಿಮ್ಮ ಹೆಸರು ಹಾಕುವುದಿಲ್ಲ. ಝೀನ್ ಅಚ್ಚಾಗಿದೆ ಸ್ವಾಮಿ. ಅವಳ ಪುಟ ಬಿಟ್ಟು ಉಳಿದ ಇಪ್ಪತ್ತನ್ನು ಎಲ್ಲರೂ ನೆನಪಿನಿಂದ ಮತ್ತೆ ಹೇಳಿದರು, ನಾನು ಮತ್ತೆ ಬರೆದೆ. ಮುಖಪುಟಕ್ಕೆ ನಿಮ್ಮ ಸುತ್ತೋಲೆಯನ್ನೇ ಹಾಕಿದ್ದೇವೆ, ಮೊಹರಿನ ಸಮೇತ. ನಿಮ್ಮ ಹೆಸರಿನ ಮೇಲೆ ಮಸಿ ಬಳಿದಿದ್ದೇವೆ. ಕಂಡಕ್ಟರನ ಬಸ್ಸಿನಲ್ಲಿ ಸೀಟಿಗೊಂದರಂತೆ ಇಟ್ಟಾಯಿತು. ನಿಮ್ಮ ಕಚೇರಿಯ ಹೊಸ ಬೋರ್ಡಿನ ಕೆಲಸವನ್ನೂ ವಾಪಸು ಕಳಿಸಿದ್ದೇನೆ, ಊರಿನಲ್ಲಿ ಬೋರ್ಡು ಬರೆಯುವ ಇನ್ನಿಬ್ಬರೂ ಅದನ್ನು ಮುಟ್ಟುವುದಿಲ್ಲ. ಇದನ್ನು ಸೇಡು ಅನ್ನುತ್ತೀರಾ? ಅನ್ನಿ. ನಾನೂ ಹಾಗೇ ಅನ್ನುತ್ತೇನೆ. ನಿಮಗೆ ಒಳ್ಳೆಯ ಬುದ್ಧಿ ಬರಲಿ ಎಂದು ಹಾರೈಸುವಷ್ಟು ದೊಡ್ಡ ಮನಸ್ಸು ನನಗಿಲ್ಲ. ಅಂಚೆಯವನು ಬಂದಾಗಲೆಲ್ಲ ನಿಮ್ಮ ಎದೆ ಧಸಕ್ ಅನ್ನಲಿ, ಅಷ್ಟು ಸಾಕು.

ಈಗ ನನ್ನ ಬೇಡಿಕೆ. ಅವಳ ಪುಟವನ್ನೂ ಅವಳ ಕುರ್ಚಿಯನ್ನೂ ಅವಳಿಗೆ ಕೊಡಿ. ಹದಿನಾಲ್ಕು ಶಾಖೆಗಳಿಗೂ ತಪ್ಪೊಪ್ಪಿಗೆ ಬರೆಯಿರಿ. ಟೈಪು ಮಾಡಿಸಕೂಡದು, ಹೆಡ್ ಗುಮಾಸ್ತರ ಕೈಗೆ ಕೊಡಕೂಡದು. ನಿಮ್ಮ ಬಲಗೈಯಲ್ಲಿ, ನಿಮ್ಮ ಮಾಮೂಲಿ ಅಕ್ಷರದಲ್ಲಿ, ಲಕೋಟೆಯ ಮೇಲಿನ ವಿಳಾಸ ಸಮೇತ, ನೆಟ್ಟಗೆ ಬರೆಯಬೇಕು. ಅಷ್ಟಾದ ಮೇಲೆ ಹದಿನೈದನೆಯದೊಂದು ಬರೆಯುವುದಿದೆ. ಅದನ್ನು ಅಂಚೆಗೆ ಹಾಕಬೇಡಿ, ನೀವೇ ತೆಗೆದುಕೊಂಡು ಹೋಗಿ. ಅದನ್ನು ಪಡೆಯಬೇಕಾದವಳಿಗೆ ನಾಲ್ಕು ವರ್ಷ, ಇನ್ನೂ ಓದಲು ಬರುವುದಿಲ್ಲ. ದಿನಾ ಸಂಜೆ ಬಾಗಿಲ ಬಳಿ ಟವೆಲ್ಲು ಹಿಡಿದುಕೊಂಡು ಕೂತಿರುತ್ತಾಳೆ ಎಂದು ಅವಳಮ್ಮ ಹೇಳಿಕಳಿಸಿದ್ದಾರೆ. ಅವಳೆದುರು ಮಂಡಿಯೂರಿ ಕೂತು ನೀವೇ ಓದಿ ಹೇಳಿ. "ನಮ್ಮತ್ತೆ ಯಾಕೆ ಬರಲ್ಲ?" ಎಂದು ಕೇಳುತ್ತಾಳೆ. ಪರಿಶೀಲನೆಯಲ್ಲಿದೆ ಎನ್ನಿ ನೋಡೋಣ.

ಇಂತಿ,
ಚೆಂದದ ಅಕ್ಷರಕ್ಕೆ ಮರುಳಾಗಿ ಒಂದು ಕಾಗದ ಹರಿಯದೆ ಉಳಿಸಿಕೊಂಡ,
ನಿಮ್ಮನ್ನೂ ತನ್ನನ್ನೂ ಕ್ಷಮಿಸದ
ಬೋರ್ಡು ಬರೆಯುವವಳು