ಪತ್ರಿಕೆಯ ಹಿಂದಿನ ಅಪ್ಪ

ವೋಸ್
ಭಾನುವಾರ, ೧೧ ಮಾರ್ಚ್ ೧೯೮೪

ಪ್ರೀತಿಯ ಆಸ್ಮುಂಡ್,

‘ಪ್ರೀತಿಯ’ ಎಂದದ್ದಕ್ಕೆ ಹುಬ್ಬೇರಿಸಬೇಡ. ತೆರಿಗೆ ಕಚೇರಿಯವರಿಗೆ ಬರೆಯುವಾಗಲೂ ನಾವು ಹಾಗೆಯೇ ಶುರು ಮಾಡುತ್ತೇವೆ. ಫೋನ್ ಮಾಡಬಹುದಿತ್ತಲ್ಲ ಅನ್ನುತ್ತೀಯ. ಮಾಡಿದ್ದೆ. ಎತ್ತಿದವಳು ನಿನ್ನ ಅಕ್ಕ ಬೋರ್ಗ್‌ಹಿಲ್ಡ್. “ಅವ್ನು ಕುರಿಗಳ ಗೊರಸು ಕತ್ತರಿಸ್ತಾ ಕೂತಿದಾನೆ. ಏನ್ ಹೇಳೋದಿದ್ರೂ ನನ್ ಹತ್ರಾನೇ ಹೇಳು,” ಅಂದಳು. ಅವಳಿಗೆ ಹೇಳಿದ್ದರೆ ಸಂಜೆಯೊಳಗೆ ಇಡೀ ದ್ವೀಪಕ್ಕೆ ಗೊತ್ತಾಗುತ್ತಿತ್ತು. ಅದಕ್ಕೇ ಕಾಗದ.

ಮೊದಲು ದೊಡ್ಡ ಸುದ್ದಿ. ನಮ್ಮ ಐಲಿವ್ ಈಗ ಇಡೀ ನಾರ್ವೆಯಲ್ಲೇ ಅತ್ಯಂತ ಕೆಟ್ಟ ಹುಡುಗ.

ನಿನ್ನ ಅಕ್ಕ ಮನೆಗೆ ಟಿ.ವಿ. ತರಗೊಡುವುದಿಲ್ಲ, ಹಾಗಾಗಿ ನಿನಗೆ ಎಲ್ಲವನ್ನೂ ಬುಡದಿಂದ ಹೇಳಬೇಕು. ಅಕ್ಟೋಬರಿನಲ್ಲಿ ನೀನು ಚೀಲ ಹೆಗಲಿಗೇರಿಸಿ ಹೊರಟೆಯಲ್ಲ, ಆಗ ನಿನ್ನ ಜೊತೆ ಐಲಿವನ ಅಪ್ಪನ ದನಿಯೂ ಹೊರಟುಹೋಯಿತು. ಐಲಿವ್ ಬೊಂಬೆಗೂ ಅವನ ಅಮ್ಮನ ಬೊಂಬೆಗೂ ನಾನು ದನಿ ಕೊಡಬಲ್ಲೆ. ಅಪ್ಪನಿಗೆ ಹೇಗೆ ಕೊಡಲಿ? ಒಮ್ಮೆ ಪ್ರಯತ್ನಪಟ್ಟೆ. ನೆಗಡಿಯಾದ ಪಾದ್ರಿಯ ಹಾಗೆ ಕೇಳಿಸಿತು. ಟೋರುನ್ ಬೊಂಬೆ ಆಡಿಸುವುದನ್ನು ಬಿಟ್ಟು ಕ್ಯಾಮೆರಾದ ಹಿಂದೆ ಕೂತು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

ಕೊನೆಗೆ ಅವಳೇ ದಾರಿ ಹುಡುಕಿದಳು. ಹಳೆಯ ಟೇಪುಗಳಿಂದ ನಿನ್ನ ದನಿಯ ಚೂರುಗಳನ್ನು ಕತ್ತರಿಸಿ ತೆಗೆದಳು. ‘ಹ್ಞೂಂ’, ‘ಹೌದಾ’, ‘ನೋಡೋಣ’, ‘ಅಮ್ಮನ್ನ ಕೇಳು’. ಇಷ್ಟರಲ್ಲೇ ಒಬ್ಬ ಅಪ್ಪ ಸಂಸಾರ ಮಾಡಬಲ್ಲ ಎಂದು ನಮಗೆ ಆಗ ತಿಳಿಯಿತು. ಆದರೆ ಅಷ್ಟು ಚಿಕ್ಕ ಚೂರುಗಳಿಗೆ ಬೊಂಬೆಯ ಬಾಯಿ ಹೊಂದಿಸಿ ಆಡಿಸಲು ಆಗುತ್ತಿರಲಿಲ್ಲ, ಆದ್ದರಿಂದ ಅವನ ಮುಖ ಮುಚ್ಚಬೇಕಾಯಿತು. ಒಂದು ವಾರ ಅವನು ಕಾರಿನ ಕೆಳಗೆ ಮಲಗಿದ್ದ, ಕಾಲು ಮಾತ್ರ ಕಾಣುತ್ತಿತ್ತು. ಇನ್ನೊಂದು ವಾರ ನೆಲಮಾಳಿಗೆಯಲ್ಲಿ ಆಲೂಗೆಡ್ಡೆ ಆರಿಸುತ್ತಿದ್ದ. ಉಳಿದ ದಿನಗಳಲ್ಲೆಲ್ಲ ಊಟದ ಮೇಜಿನ ಮುಂದೆ ದಿನಪತ್ರಿಕೆ ಅಗಲವಾಗಿ ಬಿಡಿಸಿ ಹಿಡಿದು ಕೂತಿದ್ದ. ಆ ಪುಟ್ಟ ಪತ್ರಿಕೆಯ ಅಕ್ಷರಗಳನ್ನು ಟೋರುನ್ ಭೂತಗನ್ನಡಿ ಇಟ್ಟುಕೊಂಡು ಬರೆದಳು. ಹವಾಮಾನದ ವರದಿ ಕೂಡ ಇದೆ.

ನಮ್ಮ ಬೀದಿಯ ಶಿಶುವಿಹಾರದ ಮಕ್ಕಳು ಐಲಿವನ ಮನೆಯವರ ಚಿತ್ರ ಬರೆದು ತಂದುಕೊಟ್ಟರು. ಅಮ್ಮ ಇದ್ದಾಳೆ, ಅಜ್ಜಿ ಇದ್ದಾಳೆ, ಐಲಿವ್ ಇದ್ದಾನೆ, ಪಕ್ಕದಲ್ಲಿ ಎರಡು ಕಾಲಿರುವ ಒಂದು ಪತ್ರಿಕೆ ಇದೆ. “ಅಪ್ಪ ಎಲ್ಲಪ್ಪಾ?” ಅಂತ ಕೇಳಿದೆ. “ಅದೇ ಅಪ್ಪ,” ಅಂದಳು ಒಬ್ಬ ಹುಡುಗಿ, ನನಗೇ ಬುದ್ಧಿ ಇಲ್ಲವೇನೋ ಎಂಬಂತೆ ನೋಡುತ್ತಾ.

ಹೀಗೇ ಹೇಗೋ ನಡೆಯುತ್ತಿತ್ತು. ಬಟಾಣಿ ಸಾರಿನ ಕಂತು ಬಂತು ನೋಡು, ಅಲ್ಲಿ ಸಿಕ್ಕಿಹಾಕಿಕೊಂಡೆವು.

ಐಲಿವನ ಮನೆಯಲ್ಲಿ ಅಡುಗೆ ಮಾಡುವವನು ಅಪ್ಪ. ಪ್ರತಿ ಕಂತೂ ಊಟದಿಂದಲೇ ಮುಗಿಯುತ್ತದೆ. ಐಲಿವ್ ಕುರ್ಚಿಯಿಂದ ಇಳಿದು “ಊಟಕ್ಕೆ ಥ್ಯಾಂಕ್ಸ್ ಅಪ್ಪಾ” ಅನ್ನುತ್ತಾನೆ, ನೀನು “ಮೈಗೆ ಹತ್ಲಿ ಮಗಾ” ಅನ್ನುತ್ತೀಯ, ಪಿಟೀಲು ಶುರುವಾಗುತ್ತದೆ. ನೀನು ಹೋದ ಮೇಲೆ ತಟ್ಟೆ ಬರುವ ಮುಂಚೆಯೇ ಕಂತು ಮುಗಿಸುತ್ತಾ ಬಂದಿದ್ದೆ, ಸಾರಿನ ಕಂತಿನಲ್ಲಿ ಊಟ ತಪ್ಪಿಸುವಂತಿರಲಿಲ್ಲ. ಆ ಪಿಟೀಲಿನದೇ ತೊಂದರೆ. ನಿನ್ನ ‘ಮೈಗೆ ಹತ್ಲಿ’ ಎಲ್ಲ ಟೇಪಿನಲ್ಲೂ ಅದರೊಳಗೆ ಮುಳುಗಿದೆ. ಎತ್ತಿ ಬೇರೆ ಕಡೆ ಹಚ್ಚಿದರೆ ಅರ್ಧ ಮಾತು, ಅರ್ಧ ಪಿಟೀಲು. ಹಾಗಾಗಿ ನಾನು ಎರಡು ಮಾತನ್ನೂ ತೆಗೆದುಹಾಕಿದೆ. ಮಗು ಥ್ಯಾಂಕ್ಸ್ ಹೇಳಿ ಅಪ್ಪ ಉತ್ತರ ಕೊಡದೆ ಕೂತರೆ ಅದಕ್ಕಿಂತ ಕೆಟ್ಟದ್ದು ಇನ್ನೇನಿದೆ? ಅದರ ಬದಲು ಐಲಿವ್ ಸಾರು ಕುಡಿದ, ಬಾಯಿ ಒರೆಸಿಕೊಂಡ, ಇಳಿದು ಹೊರಗೆ ಹಿಮದಲ್ಲಿ ಆಡಲು ಓಡಿಹೋದ.

“ಗುನ್‌ವೋರ್, ಹುಡ್ಗ ಥ್ಯಾಂಕ್ಸ್ ಹೇಳ್ಲಿಲ್ವಲ್ಲ?” ಎಂದು ಟೋರುನ್ ಕೇಳಿದ್ದಳು. “ಐದು ವರ್ಷದ ಮಕ್ಕಳು ಅದನ್ನೆಲ್ಲ ಗಮನಿಸಲ್ಲ ಬಿಡೇ,” ಅಂದೆ.

ಐದು ವರ್ಷದವರು ಗಮನಿಸಿದರು. ಐವತ್ತು ವರ್ಷದವರು ಇನ್ನೂ ಚೆನ್ನಾಗಿ ಗಮನಿಸಿದರು. ಸಂಜೆ ಆರಕ್ಕೆ ಇಡೀ ದೇಶ ಒಂದೇ ವಾಹಿನಿ ನೋಡುತ್ತಾ ಕೂತಿರುತ್ತದೆ ಎಂಬುದನ್ನು ನಾನು ಮರೆತೇಬಿಟ್ಟಿದ್ದೆ.

ಮೊದಲ ಫೋನು ನನ್ನಮ್ಮನದೇ. “ನಿನ್ನ ನಾನು ಹಾಗೆ ಬೆಳೆಸಿದ್ನೇನೇ ಗುನ್‌ವೋರ್?”

“ಅಮ್ಮಾ, ಅದು ಬೊಂಬೆ.”

“ಬೊಂಬೆ ಆದ್ರೇನು? ತಿಂತು ತಾನೇ? ತಿಂದ್ಮೇಲೆ ಥ್ಯಾಂಕ್ಸ್ ಹೇಳ್ಬೇಕು. ಈ ದೇಶದಲ್ಲಿ ಅದನ್ನ ಹೇಳ್ದೆ ಊಟದ ಮೇಜು ಬಿಟ್ಟೇಳೋ ಮಗು ಎಲ್ಲಿದೆ?”

ಮಾರನೆಯ ದಿನ ಸಹಕಾರಿ ಅಂಗಡಿಗೆ ಹೋದರೆ ಗಲ್ಲಾದಲ್ಲಿ ಕೂರುವ ಓಡ್‌ಬ್ಯೋರ್ಗ್ ನನ್ನ ಬ್ರೆಡ್ಡನ್ನು ಕೈಯಲ್ಲಿ ಹಿಡಿದುಕೊಂಡೇ ಇದ್ದಳು, ಕೊಡಲಿಲ್ಲ. “ನಿಮ್ ಹುಡ್ಗಂಗೆ ಮೈ ಸರಿ ಇರ್ಲಿಲ್ವೇನು?” ಅಂದಳು. ಚೆನ್ನಾಗಿದ್ದಾನೆ ಅಂದೆ. “ಹಂಗಿದ್ರೆ ಇನ್ನೂ ಕೆಟ್ಟದಾಯ್ತು ಬಿಡಿ. ನನ್ ಮೊಮ್ಮಗ ನಿನ್ನೆ ಮೀನಿನುಂಡೆ ತಿಂದು ಹಂಗೇ ಎದ್ದೋದ. ಏನೋ ಇದು ಅಂದ್ರೆ, ಐಲಿವ್ ಹೇಳಲ್ವಲ್ಲ ಅಂತಾನೆ.” ನನ್ನ ಹಿಂದೆ ನಿಂತಿದ್ದವರೆಲ್ಲ ತಲೆ ಆಡಿಸಿದರು. ಬ್ರೆಡ್ಡು ಸಿಕ್ಕ ಕೂಡಲೇ ನಾನು ಥ್ಯಾಂಕ್ಸ್ ಹೇಳಿದೆ, ಎರಡು ಸಲ, ಎಲ್ಲರಿಗೂ ಕೇಳುವ ಹಾಗೆ.

ಓಸ್ಲೋದ ಟಿ.ವಿ. ಕಚೇರಿಯ ಮಕ್ಕಳ ವಿಭಾಗದಿಂದ ಹೆಲ್ಲೆರುಡ್ ಫೋನ್ ಮಾಡಿದ. ನಿನಗೆ ಗೊತ್ತಲ್ಲ, ಸದಾ ಬಾಯಲ್ಲಿ ಪೈಪು ಕಚ್ಚಿಕೊಂಡೇ ಮಾತಾಡುವವನು. ಈ ಸಲ ಪೈಪು ತೆಗೆದಿಟ್ಟು ಮಾತಾಡಿದ, ಅದರಿಂದಲೇ ವಿಷಯ ಗಂಭೀರ ಎಂದು ಗೊತ್ತಾಯಿತು. “ನೋಡಿ ಗುನ್‌ವೋರ್, ಪ್ರಾಣಿಗಳ ಕಾರ್ಯಕ್ರಮದಲ್ಲಿ ತೋಳ ಕುರಿಮರೀನ ತಿಂದಾಗ್ಲೂ ಇಷ್ಟು ಜನ ಫೋನ್ ಮಾಡ್ಲಿಲ್ಲ,” ಅಂದ. ಈಸ್ಟರ್ ರಜೆಗೆ ಮುಂಚೆ ಬಟಾಣಿ ಸಾರಿನ ಕಂತನ್ನು ತಿದ್ದಿ ಮತ್ತೆ ತೋರಿಸಬೇಕಂತೆ. ಹುಡುಗ ಥ್ಯಾಂಕ್ಸ್ ಹೇಳಬೇಕು, ಅಪ್ಪ ಪತ್ರಿಕೆ ಕೆಳಗಿಡಬೇಕು, ಮುಖ ತೋರಿಸಬೇಕು, ಬಾಯಿ ಬಿಟ್ಟು ಉತ್ತರ ಕೊಡಬೇಕು. “ಇಲ್ಲಾಂದ್ರೆ ಶರತ್ಕಾಲಕ್ಕೆ ಐಲಿವ್ ನಮಗೆ ಬೇಡ. ಇದನ್ನ ನಾನು ಬೇಜಾರಿಂದಾನೇ ಹೇಳ್ತಿದೀನಿ.”

ಈಗ ನಿನಗೆ ಅರ್ಥವಾಗಿರಬೇಕು. ನಮ್ಮಲ್ಲಿ ಮೊದಲು ದನಿ, ಆಮೇಲೆ ಬೊಂಬೆ. ನೀನು ಬಂದು ಮಾತಾಡುವ ತನಕ ಟೋರುನ್ ಅಪ್ಪನ ತುಟಿಯನ್ನು ಕೂದಲೆಳೆಯಷ್ಟೂ ಅಲುಗಿಸುವಂತಿಲ್ಲ. ಬೇರೆ ದಾರಿ ಇಲ್ಲ. ಇದು ಕೆಲಸದ ಮಾತು, ಕೆಲಸದ ಮಾತಾಗಿಯೇ ತೆಗೆದುಕೋ.

ಅಕ್ಟೋಬರಿನ ಆ ಜಗಳದ ಬಗ್ಗೆ ಏನೂ ಬರೆಯಬಾರದು ಎಂದುಕೊಂಡೇ ಪೆನ್ನು ಹಿಡಿದಿದ್ದೆ. ಆದರೂ ಬರೆಯುತ್ತೇನೆ, ಯಾಕೆಂದರೆ ಈ ಊರಿನಲ್ಲಿ ಅದರ ಬಗ್ಗೆ ನಗಲು ನನಗೆ ಯಾರೂ ಇಲ್ಲ. ಐಲಿವ್ ಅಪ್ಪನ ಹೊಸ ಸ್ಕೀ ಹಲಗೆಗಳಿಗೆ ದೋಣಿಯ ಕೆಂಪು ಬಣ್ಣ ಬಳಿಯುವ ಕಂತು ಅದು. ಅಪ್ಪ ರೇಗುತ್ತಾನೆ ಎಂದು ನಾನು ಬರೆದಿದ್ದೆ. “ಐಲಿವನ ಅಪ್ಪ ಕೂಗಾಡಲ್ಲ,” ಎಂದೆ ನೀನು. ಹೊಸ ಸ್ಕೀಗೆ ದೋಣಿ ಬಣ್ಣ ಬಳಿದರೂ ಕೂಗಾಡದ ಗಂಡಸು ವೋಸ್‌ನಲ್ಲಿ ಇನ್ನೂ ಹುಟ್ಟಿಲ್ಲ ಎಂದೆ ನಾನು. ಆಮೇಲೆ ಏನಾಯಿತು ನೆನಪಿದೆಯೇ? ಐಲಿವನ ಅಪ್ಪ ಕೂಗಾಡುವುದಿಲ್ಲ ಎಂದು ನೀನು ಎಷ್ಟು ಜೋರಾಗಿ ಕೂಗಾಡಿದೆಯೆಂದರೆ, ಮೇಜಿನ ಮೇಲಿದ್ದ ಅಜ್ಜಿ ಬೊಂಬೆ ಪಕ್ಕಕ್ಕೆ ಬಿತ್ತು. ಟೋರುನ್ ಇಡೀ ಬೆಳಿಗ್ಗೆ ಕೂತು ನಿಲ್ಲಿಸಿದ್ದ ದೃಶ್ಯ ಅದು. ಅವಳು ಕೋಟು ಹಾಕಿಕೊಂಡು ಮನೆಗೆ ಹೋದಳು. ನಾನೂ ಕಮ್ಮಿ ಕೂಗಲಿಲ್ಲ. ಅದನ್ನು ಬೋರ್ಗ್‌ಹಿಲ್ಡ್‌ಗೆ ಹೇಳಬೇಡ.

ಜಗಳ ಸ್ಕೀಯದಲ್ಲ ಎಂದು ನಿನಗೂ ಗೊತ್ತು. ಬೆಳಗಿಂದ ಸಂಜೆಯ ತನಕ ಹಳೇ ಹಾಲಿನ ಡೈರಿಯ ಆ ಸ್ಟುಡಿಯೊದಲ್ಲಿ ಐಲಿವನ ಅಪ್ಪ ಅಮ್ಮ ಒಬ್ಬರಿಗೊಬ್ಬರು ಎಷ್ಟು ಹಿತವಾಗಿ ಮಾತಾಡುತ್ತಿದ್ದರು! ಕಾಫಿ ಬೇಕಾ, ದಣಿದೆಯಾ, ಕಾಲುಚೀಲ ಒದ್ದೆಯಾಯಿತಾ. ಮನೆಗೆ ಬಂದರೆ ನಮ್ಮಿಬ್ಬರ ಬಾಯಲ್ಲೂ ಏನೂ ಉಳಿದಿರುತ್ತಿರಲಿಲ್ಲ. ಇದ್ದ ಒಳ್ಳೆಯ ಮಾತನ್ನೆಲ್ಲ ಒಂದು ಗೇಣುದ್ದದ ಬೊಂಬೆಗಳಿಗೆ ಕೊಟ್ಟುಬಿಟ್ಟು, ನಾವು ಬಾಗಿಲು ಧಡಾರನೆ ಹಾಕುತ್ತಾ ಬದುಕಿದೆವು. ನೀನು ಹೋದ ಮೇಲೆ ಮನೆಯಲ್ಲಿ ಬಾಗಿಲು ಹಾಕುವ ಸದ್ದೂ ಇಲ್ಲ. ಅದೊಂದು ಹಿತವೇ, ನಿಜ ಹೇಳಬೇಕೆಂದರೆ. ಮೊದಲ ಎರಡು ವಾರ.

ನೀನು ಹೇಳಿದ್ದೇ ಸರಿ ಎಂದು ನಾನು ಬರೆಯುತ್ತಿಲ್ಲ, ಹಾಗೆಂದು ಓದಿಕೊಳ್ಳಬೇಡ. ಸ್ಕೀ ಕಂತನ್ನು ಇನ್ನೂ ತೆಗೆದೇ ಇಲ್ಲ. ಬರೆದೆ, ಹರಿದೆ, ಮತ್ತೆ ಬರೆದೆ. ಅಪ್ಪ ಕೂಗಿದರೆ ಐಲಿವ್ ಹೆದರುತ್ತಾನೆ, ಕೂಗದಿದ್ದರೆ ನಾನು ನಂಬುವುದಿಲ್ಲ. ಟೋರುನ್‌ಗೂ ತೋರಿಸಿದೆ. “ನಮ್ಮಪ್ಪನಿಗೆ ಕೋಪ ಬಂದ್ರೆ ಹೊರಗೋಗಿ ಸೌದೆ ಒಡೀತಿದ್ರು. ಒಳ್ಳೆ ಬೆಚ್ಚಗಿರ್ತಿತ್ತು ನಮ್ಮನೆ,” ಅಂದಳು. ನಾನು ನಗುತ್ತಾ ಬರೆದುಕೊಂಡೆ. ಐಲಿವನ ಅಪ್ಪ ಸೌದೆ ಒಡೆಯುತ್ತಾನೆ, ಒಡೆದು ಒಡೆದು ಮನೆಗಿಂತ ಎತ್ತರ ಪೇರಿಸುತ್ತಾನೆ, ಕೆಂಪು ಸ್ಕೀ ಹಿಡಿದುಕೊಂಡು ಐಲಿವ್ ಪಕ್ಕದಲ್ಲಿ ನಿಂತು ನೋಡುತ್ತಾನೆ. ಆಮೇಲೆ ಅವರಲ್ಲಿ ಯಾರು ಮೊದಲು ಮಾತಾಡಬೇಕು? ಅದು ನನಗೆ ಹೊಳೆಯುತ್ತಿಲ್ಲ. ಅಪ್ಪನ ಮಾತು ಯಾವತ್ತಿದ್ದರೂ ನಿನ್ನದೇ ತಾನೇ, ಬಂದು ನೀನೇ ಹೇಳು.

ಬುಧವಾರದ ದೋಣಿ ಹಿಡಿದರೆ ಬರ್ಗನ್‌ನಲ್ಲಿ ಮಧ್ಯಾಹ್ನದ ರೈಲು ಸಿಗುತ್ತದೆ. ನಿಲ್ದಾಣಕ್ಕೆ ಟೋರುನ್ ತನ್ನ ಕಾರು ತರುತ್ತಾಳೆ. ನಾನೂ ಬರಬಹುದು, ಕೆಲಸ ಇಲ್ಲದಿದ್ದರೆ. ದಪ್ಪ ಕೋಟು ತಾ, ಇಲ್ಲಿ ಇನ್ನೂ ಮೊಣಕಾಲುದ್ದ ಹಿಮ ಇದೆ. ಮಲಗಲು ಮೇಲಿನ ಕೋಣೆಯಲ್ಲಿ ಹಾಸಿಗೆ ಹಾಸುತ್ತೇನೆ. ಅಲ್ಲಿ ಚಳಿ ಜಾಸ್ತಿ ಅನ್ನಿಸಿದರೆ ಹೇಳು. ಅನ್ನಿಸುತ್ತದೆ, ಹೀಟರು ಕೆಟ್ಟಿದೆ. ರಿಪೇರಿ ಮಾಡಿಸಬೇಕೆಂದು ನನಗೆ ತೋಚಲಿಲ್ಲ.

ಬೋರ್ಗ್‌ಹಿಲ್ಡ್ ಗೊಣಗಿದರೆ ಕೆಲಸದ ಕರೆ ಎಂದು ಹೇಳು. ಓಸ್ಲೋದವರ ಆಜ್ಞೆ, ದೇಶದ ಮಕ್ಕಳ ನಡತೆಯ ಪ್ರಶ್ನೆ, ಬೇರೆ ಯಾರಿಂದಲೂ ಆಗದ ಕೆಲಸ ಎಂದು ಹೇಳು. ಅವಳ ಕುರಿಗಳಿಗೆ ನನ್ನ ನಮಸ್ಕಾರ ತಿಳಿಸು.

ಐಲಿವನ ಪರವಾಗಿ, ಅವನ ಅಮ್ಮನ ಪರವಾಗಿ,
ನನ್ನ ಪರವಾಗಿಯೂ,
ಗುನ್‌ವೋರ್

ತಾ.ಕ.: ಕಾಗದ ಅಂಚೆಗೆ ಹಾಕಲು ಟೋರುನ್ ಕೋಟು ತೊಟ್ಟು ಬಾಗಿಲಲ್ಲಿ ನಿಂತಿದ್ದಾಳೆ. ಉಳಿದದ್ದನ್ನು ನಾನು ಬರೆಯದಿದ್ದರೆ ಲಕೋಟೆಯ ಹೊರಗೆ ತಾನೇ ಬರೆಯುತ್ತಾಳಂತೆ. ಅದಕ್ಕೇ ಬರೆಯುತ್ತಿದ್ದೇನೆ. ಹೋದ ಸೋಮವಾರ ಹೆಲ್ಲೆರುಡ್ ಬರ್ಗನ್‌ನಿಂದ ಒಬ್ಬ ನಟನನ್ನು ಕಳಿಸಿದ್ದ. ಒಳ್ಳೆಯ ಮನುಷ್ಯ. ‘ಮೈಗೆ ಹತ್ಲಿ ಮಗಾ’ ಎಂದು ಥೇಟ್ ನಿನ್ನ ಹಾಗೇ ಅಂದ. ಶಿಶುವಿಹಾರದ ಮಕ್ಕಳಿಗೆ ಕೇಳಿಸಿದೆವು, ಒಂದು ಮಗುವಿಗೂ ವ್ಯತ್ಯಾಸ ಗೊತ್ತಾಗಲಿಲ್ಲ. ಐಲಿವನ ಮಾತು ಸೇರಿಸುವುದಷ್ಟೇ ಬಾಕಿ ಇತ್ತು. ನಾನು ಮೈಕಿನ ಮುಂದೆ ನಿಂತೆ, ಅವನು ಎದುರಿಗೆ ಕಾಯುತ್ತಾ ನಿಂತ, ನನ್ನ ಬಾಯಿಂದ ಥ್ಯಾಂಕ್ಸ್ ಹೊರಡಲಿಲ್ಲ. ಗಂಟಲು ಕಟ್ಟಿದೆ ಎಂದು ಹೇಳಿ ಅವನನ್ನು ಸಂಜೆಯ ರೈಲಿಗೆ ಹತ್ತಿಸಿ ಬಂದೆ. ಹೆಲ್ಲೆರುಡ್ ಜೇನುತುಪ್ಪ ಕಳಿಸಿದ್ದಾನೆ. ನನ್ನ ಗಂಟಲಿಗೆ ಏನೂ ಆಗಿಲ್ಲ, ಆಸ್ಮುಂಡ್.