ಎರಡು ಪಕ್ಷಕ್ಕೂ ಒಂದೇ ದನಿ

ಸೆಪ್ಟೆಂಬರ್ 5, ಗುರುವಾರ

ಬೆಳಿಗ್ಗೆ ಎರಡು ಚುನಾವಣಾ ಜಾಹೀರಾತಿನ ರೆಕಾರ್ಡಿಂಗ್. ಮೊದಲನೆಯದು ರಿಪಬ್ಲಿಕನ್ನರದು — ಸರ್ಕಾರ ನಿಮ್ಮ ಜೇಬಿಗೆ ಕೈ ಹಾಕುತ್ತಿದೆ. ಎರಡನೆಯದು ಡೆಮಾಕ್ರಟರದು — ಕಂಪನಿಗಳು ನಿಮ್ಮ ಜೇಬಿಗೆ ಕೈ ಹಾಕುತ್ತಿವೆ. ನಡುವೆ ಒಂದು ಲೋಟ ಬಿಸಿನೀರು.

ಮೈಕ್ ಇರುವುದು ಬಟ್ಟೆಯ ಕೋಣೆಯಲ್ಲಿ. ಹೆಂಡತಿ ಮಾರ್ಶಾಳ ಕೋಟುಗಳು ಇನ್ನೂ ಅಲ್ಲೇ ತೂಗುತ್ತಿವೆ. ದನಿ ಗೋಡೆಗೆ ಬಡಿದು ವಾಪಸ್ ಬರದಂತೆ ಹೀರಿಕೊಳ್ಳುತ್ತವೆ. ಆದ್ದರಿಂದ ತೆಗೆಯುವ ಮಾತಿಲ್ಲ. ಯಾರಾದರೂ ಕೇಳಿದರೆ ಹಾಗೆಂದೇ ಹೇಳುತ್ತೇನೆ.

ಇಪ್ಪತ್ತೇಳು ವರ್ಷ ರೇಡಿಯೊದಲ್ಲಿ ಮಧ್ಯಾಹ್ನದ ಮಾರುಕಟ್ಟೆ ಧಾರಣೆ ಓದಿದವನು. ಹಂದಿ, ಮೆಕ್ಕೆಜೋಳ, ಸೋಯಾ. ಸ್ಟೇಷನ್ ಮಾರಾಟವಾದ ಮೇಲೆ ಜಾಹೀರಾತು. ಸುತ್ತಲ ಐದು ಕೌಂಟಿಗಳಲ್ಲಿ ಗೇಲನ್ ಉಬೆನ್ ದನಿ ಗೊತ್ತಿಲ್ಲದ ರೈತನಿಲ್ಲ. ಅದಕ್ಕೇ ಎರಡು ಪಕ್ಷದವರೂ ಕರೆಯುವುದು. ನಂಬಬಹುದಾದ ದನಿಯಂತೆ.

ಊಟಕ್ಕೆ ಸೂಪ್. ಡಬ್ಬಿಯದು.

ಸೆಪ್ಟೆಂಬರ್ 8, ಭಾನುವಾರ

ಚರ್ಚ್ ಮುಗಿಸಿ ಡೆಲ್ಮರ್ ಮನೆಯಲ್ಲಿ ಊಟ. ಮಾರ್ಶಾಳ ಅಣ್ಣ, ಹುಟ್ಟು ರಿಪಬ್ಲಿಕನ್. ಎದುರು ರೆನೆ, ಮಾರ್ಶಾಳ ತಂಗಿ. ಈ ಸಲ ರಾಜ್ಯದ ಶಾಸನಸಭೆಗೆ ನಿಂತಿದ್ದಾಳೆ, ಡೆಮಾಕ್ರಟರಿಂದ. ನಡುವಿನ ಕುರ್ಚಿ ಮಾರ್ಶಾಳದಾಗಿತ್ತು. ಅವಳು ತೀರಿಕೊಂಡ ಮೇಲೆ, ಹದಿನಾರು ತಿಂಗಳಿಂದ ನನ್ನದು. ಜಗಳ ಜೋರಾದರೆ ಅವಳು ಒಂದು ಮಾತು ಹೇಳುತ್ತಿದ್ದಳು, ಇಬ್ಬರೂ ನಗುತ್ತಿದ್ದರು. ನನಗೆ ಆ ಮಾತು ಬರುವುದಿಲ್ಲ. ಉಪ್ಪು ದಾಟಿಸುತ್ತೇನೆ.

ಇವತ್ತು ಪೈಪಿನ ವಿಷಯ. ಎಥನಾಲ್ ಕಾರ್ಖಾನೆಗಳ ಅನಿಲವನ್ನು ಬೇರೆ ರಾಜ್ಯಕ್ಕೆ ಒಯ್ಯುವ ಪೈಪು. ಡೆಲ್ಮರನ ಪೂರ್ವದ ಹೊಲದ ನಟ್ಟನಡುವೆ ಹಾಯಬೇಕಂತೆ. ಅವನು ಒಪ್ಪಿಲ್ಲ. ರಾಜ್ಯದ ಮಂಡಳಿ ಅನುಮತಿ ಕೊಟ್ಟರೆ ಒಪ್ಪಿಗೆ ಬೇಕಾಗುವುದೂ ಇಲ್ಲ. ಕಾಗದ ಬಂದಿದೆ. ಅದನ್ನು ತಟ್ಟೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದ.

"ನೋಡು ನಿನ್ನ ಸರ್ಕಾರದ ಕೆಲಸ. ನಮ್ಮಪ್ಪ ಉತ್ತ ಹೊಲ ಕಣೇ ಅದು."

"ಯಾವ ಸರ್ಕಾರವೋ? ಕಾಗದದ ಮೇಲಿರೋದು ಕಂಪನಿ ಹೆಸರು. ಕನ್ನಡಕ ಹಾಕ್ಕೊಂಡು ಓದು."

"ನನ್ನ ಹೊಲ ಕಿತ್ಕೊಳೋ ಹಕ್ಕನ್ನ ಕಂಪನಿಗೆ ಕೊಡೋರು ಯಾರು ಹಾಗಾದ್ರೆ?"

"ಹಕ್ಕು ಕೊಡೋರನ್ನ ದುಡ್ಡು ಸುರಿದು ಗೆಲ್ಸಿದೋರು ಯಾರು? ಅದನ್ನೂ ಹೇಳು."

"ನಿಮ್ಮೋರು ತಗೊಂಡಿಲ್ವೇನೇ?"

"ತಗೊಂಡಿದಾರೆ. ಅದಕ್ಕೇ ನಾನು ನಿಂತಿರೋದು."

"ಓಹೋ, ಬಂದ್ಲಪ್ಪ ಉದ್ಧಾರ ಮಾಡೋಳು! ಪೈ ತಿನ್ನು ಸುಮ್ನೆ."

ಒಂದೇ ಪೈಪಿನ ಎರಡು ತುದಿ ಹಿಡಿದು ಎಳೆದಾಡುತ್ತಿದ್ದಾರೆ ಅನಿಸಿತು. ಹೇಳಲಿಲ್ಲ. ಪೈ ಚೆನ್ನಾಗಿದೆ ಅಂದೆ. ಸೇಬಿನದೋ ಪೀಚಿನದೋ, ಈಗ ನೆನಪಿಲ್ಲ.

ಸೆಪ್ಟೆಂಬರ್ 24, ಮಂಗಳವಾರ

ವರ್ಜೀನಿಯಾದ ಏಜೆನ್ಸಿಯಿಂದ ಹಾಳೆ ಬಂತು. ಮೂವತ್ತು ಸೆಕೆಂಡಿನದು. ದುಡ್ಡು ಕೊಟ್ಟವರು "ಒಳ್ಳೆಯ ನೆರೆಹೊರೆ ಸಮಿತಿ". ಹಾಗೆಂದರೆ ಯಾರೆಂದು ನಾನು ಕೇಳುವುದಿಲ್ಲ. ಯಾವತ್ತೂ ಕೇಳಿಲ್ಲ.

ಮೊದಲ ಸಾಲಿನಲ್ಲೇ ರೆನೆ ಹೆಸರು.

ಶಾಲಾ ಮಂಡಳಿಯಲ್ಲಿದ್ದಾಗ ರೆನೆ ಹಾರ್ಮ್ಸ್ ನಮ್ಮ ಮಕ್ಕಳ ಶಾಲೆ ಮುಚ್ಚಿಸಿದಳು. ಈಗ ನಿಮ್ಮ ಹೊಲಕ್ಕೆ ಸರ್ಕಾರವನ್ನು ನುಗ್ಗಿಸಲು ಹೊರಟಿದ್ದಾಳೆ. ರೆನೆ ಹಾರ್ಮ್ಸ್ ಬೇಡ ಅನ್ನಿ.

ಶಾಲೆ ಮುಚ್ಚಿದ್ದು ಹನ್ನೊಂದು ವರ್ಷದ ಕೆಳಗೆ. ನಾಲ್ಕು ಮತ ಮುಚ್ಚಲು, ಮೂರು ಬೇಡವೆಂದು. ಆ ಮೂರರಲ್ಲಿ ಒಂದು ರೆನೆಯದು. ಸಭೆ ಮುಗಿಸಿ ಸೀದಾ ನಮ್ಮ ಅಡುಗೆಮನೆಗೆ ಬಂದಿದ್ದಳು. ಕೋಟು ಬಿಚ್ಚದೆ ಕೂತು ಅತ್ತಳು. ಮಾರ್ಶಾ ಹಾಲು ಬಿಸಿ ಮಾಡಿಕೊಟ್ಟಳು. ನಾನು ಅಲ್ಲೇ ನಿಂತಿದ್ದೆ.

ಏಜೆನ್ಸಿಯ ಹುಡುಗಿ ಕೋರ್ಟ್ನಿ ಹೆಡ್‌ಫೋನಿನಲ್ಲಿ — "ತುಂಬಾ ಚೆನ್ನಾಗಿದೆ ಸಾರ್. ಆದ್ರೆ ಸ್ವಲ್ಪ ಕೋಪ ಬರ್ತಿದೆ. ಕೋಪ ಬೇಡ, ಬೇಜಾರು ಇರ್ಲಿ. ಮನೆಯೋರನ್ನೇ ನಂಬಿ ಮೋಸ ಹೋದೋರ ಥರ."

ನಾಲ್ಕನೆಯ ಸಲ ಸರಿಬಂತು.

ಇಲ್ಲ ಅನ್ನಲು ಬಾಯಿ ತೆರೆಯಬೇಕಿತ್ತು. ತೆರೆದೆ. ಓದಿದೆ.

ಸೆಪ್ಟೆಂಬರ್ 25

ಏನೂ ಅನಿಸುತ್ತಿಲ್ಲ. ಅನಿಸಲಿ ಎಂದು ಕಾದು ನೋಡಿದೆ. ಹುಲ್ಲು ಕತ್ತರಿಸಿದೆ.

ಅಕ್ಟೋಬರ್ 4, ಶುಕ್ರವಾರ. ಸಂಜೆ 5

ಡೆಲ್ಮರ್ ಬಂದಿದ್ದ. ಕೊಯ್ಲಿನ ನಡುವೆ, ಒಣ ಹವೆಯ ದಿನ, ಯಂತ್ರ ನಿಲ್ಲಿಸಿ ಬಂದಿದ್ದಾನೆ. ನಲವತ್ತು ವರ್ಷದಲ್ಲಿ ಹಾಗೆ ಬಂದದ್ದು ಎರಡೇ ಸಲ. ಇನ್ನೊಂದು ಬಿತ್ತನೆಯ ನಡುವೆ, ಮಾರ್ಶಾ ಹೋದ ದಿನ. ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತ. ಕುತ್ತಿಗೆ ತುಂಬ ಹೊಟ್ಟಿನ ಧೂಳು.

"ಗೋದಾಮಿಗೆ ಸೋಯಾ ಹಾಕೋಕೆ ಸಾಲಲ್ಲಿ ನಿಂತಿದ್ದೆ. ಮುಂದಿನ ಲಾರೀಲಿ ರೇಡಿಯೊ. ಖುಷಿಯಾಯ್ತು ಕಣಯ್ಯಾ, ಓ ನಮ್ಮ ಗೇಲನ್ನು ಅಂತ. ಆಮೇಲೆ ಕಿವಿಗೆ ಬಿತ್ತು, ಏನು ಹೇಳ್ತಿದೀಯ ಅಂತ."

"ಓದೋಕೆ ಕೊಟ್ರು. ಓದ್ದೆ."

"ಅವಳನ್ನ ನಾನು ಏನು ಬೇಕಾದ್ರೂ ಅಂತೀನಿ. ತಲೆಕೆಟ್ಟೋಳು ಅಂತೀನಿ. ವೋಟೂ ಹಾಕಲ್ಲ. ಆದ್ರೆ ಶಾಲೆ ಮುಚ್ಸಿದ್ದು ಅವಳಲ್ಲ. ನಿಂಗೂ ಗೊತ್ತು ಅದು."

"ಗೊತ್ತು."

"ಗೊತ್ತಿದ್ದೂ ಓದಿದ್ಯಾ?"

ಟೋಪಿ ತೆಗೆದು ತೊಡೆಗೆ ಬಡಿದುಕೊಂಡ, ಧೂಳು ಹಾರಿತು.

"ಮಾರ್ಶಾ ಇದ್ದಿದ್ರೆ…" ಅಂದವನು ಅಲ್ಲಿಗೇ ಬಿಟ್ಟು ಪಿಕಪ್ ಹತ್ತಿದ.

ಅಕ್ಟೋಬರ್ 13, ಭಾನುವಾರ

ಊಟಕ್ಕೆ ಹೋಗಲಿಲ್ಲ. ಯಾರೂ ಕರೆಯಲೂ ಇಲ್ಲ.

ಮೂರು ಗಂಟೆಗೆ ರೆನೆಯೇ ಬಂದಳು. ಕೈಯಲ್ಲಿ ಮನೆಮನೆಗೆ ಹಂಚುವ ಚೀಟಿಗಳ ಕಟ್ಟು, ಶೂ ತುಂಬ ಮಣ್ಣು. ಬೈಯುತ್ತಾಳೆಂದುಕೊಂಡೆ. ಅಡುಗೆಮನೆಯ ಕುರ್ಚಿ ಎಳೆದು ಕೂತಳು.

"ಚೆನ್ನಾಗಿ ಓದಿದೀಯ. ಒಂದು ಕ್ಷಣ ನಾನೇ ನಂಬ್‌ಬಿಟ್ಟೆ."

ಕಾಫಿ ಇಟ್ಟೆ.

ಆ ಸಮಿತಿಗೆ ದುಡ್ಡು ಎಲ್ಲಿಂದ ಬಂತೆಂದು ಹುಡುಕಿದ್ದಾಳೆ. ಒಂದು ಸಮಿತಿಯ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ಕೊನೆಯದರ ವಿಳಾಸ ಡೆಲ್ಮರನಿಗೆ ಬಂದ ಪೈಪಿನ ಕಂಪನಿಯ ಕಾಗದದ ಮೇಲಿನದೇ. ಅದೇ ಕಟ್ಟಡ, ಅದೇ ಮಹಡಿ. ಹೊಲಕ್ಕೆ ಸರ್ಕಾರ ನುಗ್ಗುತ್ತದೆಂದು ಹೆದರಿಸಿದವರೂ, ಸರ್ಕಾರದ ಕೈ ಹಿಡಿದು ಹೊಲಕ್ಕೆ ನುಗ್ಗುತ್ತಿರುವವರೂ ಒಬ್ಬರೇ.

"ಅಣ್ಣಂಗೆ ಹೇಳ್ದೆ. ನಿಮ್ಮ ಪಕ್ಷದವರು ಬರೆದಿರೋ ಕಥೆ ಅಂದ. ವಿಳಾಸ ತೋರ್ಸಿದ್ಮೇಲೆ ಸುಮ್ನಾದ." ಲೋಟದೊಳಗೆ ನೋಡುತ್ತ ಕೇಳಿದಳು — "ಗೇಲನ್, ಒಂದೇ ಒಂದು ಸಲ ರೇಡಿಯೊದಲ್ಲಿ ಹೇಳ್ತೀಯಾ, ಅದು ಸುಳ್ಳು ಅಂತ? ಬೇರೆ ಏನೂ ಬೇಡ. ನಂಗೆ ವೋಟ್ ಹಾಕಿ ಅನ್ನೋದೂ ಬೇಡ. ನೀನು ಹೇಳಿದ್ರೆ ಜನ ಕೇಳ್ತಾರೆ."

"ಒಪ್ಪಂದಕ್ಕೆ ಸಹಿ ಹಾಕಿದೀನಿ. ಓದಿದ್ದರ ಬಗ್ಗೆ ಹೊರಗೆ ಮಾತಾಡೋ ಹಾಗಿಲ್ಲ."

"ಸರಿ."

"ರೆನೆ…"

"ಸರಿ ಅಂದ್ನಲ್ಲ."

ಚೀಟಿಗಳ ಕಟ್ಟು ಎತ್ತಿಕೊಂಡು ಹೋದಳು. ಕಾಫಿ ಹಾಗೇ ಇತ್ತು. ನಾನೇ ಕುಡಿದೆ, ತಣ್ಣಗಾಗಿತ್ತು.

ಅಕ್ಟೋಬರ್ 22

ರಿಪಬ್ಲಿಕನ್ನರದು ಮೂರು. ಡೆಮಾಕ್ರಟರದು ಎರಡು. ಗಂಟಲಿಗೆ ತೊಂದರೆಯಿಲ್ಲ.

ನವೆಂಬರ್ 6, ಬುಧವಾರ

ದೇಶದ ದೊಡ್ಡ ಫಲಿತಾಂಶ ಟಿವಿಯಲ್ಲಿ ಓಡುತ್ತಿದೆ. ದನಿ ನಿಲ್ಲಿಸಿ ಕೆಳಗೆ ಹರಿಯುವ ಅಕ್ಷರ ಮಾತ್ರ ನೋಡಿದೆ. ನಮ್ಮ ಕ್ಷೇತ್ರ ಬರಲು ಬಹಳ ಹೊತ್ತು ಹಿಡಿಯಿತು.

ರೆನೆ ಸೋತಳು. 212 ಮತಗಳ ಅಂತರದಿಂದ.

ನಾನು ಅವಳಿಗೇ ಹಾಕಿದ್ದೆ. ಅದನ್ನು ಇಲ್ಲಿ ಬರೆದರೆ ಏನು, ಬಿಟ್ಟರೆ ಏನು.

ನವೆಂಬರ್ 15, ಶುಕ್ರವಾರ

ಡೆಲ್ಮರ್ ಫೋನ್ ಮಾಡಿದ. ಆರು ವಾರದ ಮೇಲೆ. ಕುಶಲ ಗಿಶಲ ಇಲ್ಲ.

"ಗುರುವಾರ ಪೈಪಿನ ಬಗ್ಗೆ ಮಂಡಳಿಯ ವಿಚಾರಣೆ. ಸಂತೆ ಮೈದಾನದ ಹಾಲ್‌ನಲ್ಲಿ. ತಲೆಗೆ ಮೂರು ನಿಮಿಷ. ನಂಗೆ ಮೈಕ್ ಕಂಡ್ರೆ ಬಾಯಿ ಒಣಗ್ತದೆ, ನಿಂಗೆ ಗೊತ್ತು. ಮದುವೇಲೇ ಪಾದ್ರಿ ಮುಂದೆ ತೊದಲಿದೋನು. ನನ್ನ ಹಾಳೆ ನೀನು ಓದ್ತೀಯಾ?"

"ನಾನಾ?"

"ದುಡ್ಡು ಕೊಟ್ಟೋರಿಗೆಲ್ಲ ಓದ್ತೀಯಲ್ಲ. ಒಂದ್ಸಲ ಬಿಟ್ಟಿ ಓದು."

ಬರೆದುಕೊಟ್ಟವಳು ರೆನೆಯಂತೆ. ಸೋತ ಮಾರನೇ ವಾರ ಅಣ್ಣನ ಮನೆಯಲ್ಲಿ ಕೂತು ಬರೆದಿದ್ದಾಳೆ. ಹೊಲ ಕಸಿಯುವವರನ್ನು "ಸರ್ಕಾರ" ಅನ್ನಬೇಕೋ "ಕಂಪನಿ" ಅನ್ನಬೇಕೋ ಎಂದು ಎರಡು ಗಂಟೆ ಜಗಳವಾಯಿತಂತೆ. ಕೊನೆಗೆ "ಅವರು" ಎಂದು ಬರೆದರಂತೆ.

ಓದುತ್ತೇನೆ ಅಂದೆ.

ನವೆಂಬರ್ 21, ಗುರುವಾರ. ರಾತ್ರಿ

ಬರೆಯುತ್ತೇನೆ. ಆದದ್ದು ಆದ ಹಾಗೆ.

ಮುನ್ನೂರು ಜನ ಇದ್ದಿರಬಹುದು. ಮಡಿಸುವ ಕುರ್ಚಿಗಳು. ಒಂದು ಬದಿ ಪೈಪ್ ಬೇಡವೆನ್ನುವವರು, ಕೆಂಪು ಅಂಗಿ. ಇನ್ನೊಂದು ಬದಿ ಬೇಕೆನ್ನುವವರು. ಕೆಂಪು ಅಂಗಿಯವರಲ್ಲಿ ಎರಡು ಪಕ್ಷದವರೂ ಇದ್ದರು, ಆದರೆ ಬೇರೆ ಬೇರೆ ಸಾಲಿನಲ್ಲಿ. ಡೆಲ್ಮರ್ ಮತ್ತು ರೆನೆ ಮಾತ್ರ ಅಕ್ಕಪಕ್ಕ.

ಹೆಸರು ಕೂಗಿದರು. ಡೆಲ್ಮರ್ ಬದಲು ಓದುತ್ತೇನೆಂದು ಹೇಳಿ ಮೈಕಿನ ಮುಂದೆ ನಿಂತೆ. ಮೊದಲ ಸಾಲು ಚೆನ್ನಾಗಿ ಬಂತು. ತುಂಬಾ ಚೆನ್ನಾಗಿ ಬಂತು. ಎಲ್ಲಿ ನಿಲ್ಲಬೇಕು, ಎಲ್ಲಿ ಇಳಿಸಬೇಕು ಎಲ್ಲ ತಾನಾಗಿ ಆಯಿತು. "ಈ ಹೊಲವನ್ನು ನನ್ನ ತಂದೆ…" ಅನ್ನುವಾಗ ದನಿ ಸರಿಯಾದ ಜಾಗದಲ್ಲಿ ಸ್ವಲ್ಪ ಒಡೆಯಿತು ಕೂಡ. ನಾನು ಒಡೆಸಿದ್ದು.

ಹಿಂದಿನಿಂದ ಯಾರೋ — "ಏಯ್, ಇವನು ಆ ಜಾಹೀರಾತಿನೋನಲ್ವಾ?"

ನಗು. ಇನ್ನೊಬ್ಬ — "ಈ ಸಲ ಯಾರು ಕೊಟ್ರಣ್ಣಾ ದುಡ್ಡು?"

ಎರಡೂ ಬದಿಯವರು ನಕ್ಕರು. ಅಧ್ಯಕ್ಷೆ ಮೇಜು ಕುಟ್ಟಿದಳು. ಗಡಿಯಾರದ ಕೆಂಪು ಅಂಕಿ ಇಳಿಯುತ್ತಿತ್ತು, 1:52, 1:51. ಮುಂದಿನ ಸಾಲು ಕಣ್ಣೆದುರೇ ಇತ್ತು. ಓದಲಾಗಲಿಲ್ಲ. ಹಾಳೆ ಕೆಳಗಿಟ್ಟೆ.

"ಹೌದು, ಆ ಜಾಹೀರಾತು ಓದಿದ್ದು ನಾನೇ. ಅದು ಸುಳ್ಳು. ರೆನೆ ಹಾರ್ಮ್ಸ್ ಶಾಲೆ ಮುಚ್ಚಿಸಲಿಲ್ಲ. ಬೇಡ ಅಂತ ವೋಟ್ ಹಾಕಿದ್ದಳು. ಓದುವಾಗಲೇ ನನಗೆ ಗೊತ್ತಿತ್ತು."

ಬಂದ ದನಿ ನನಗೇ ಗುರುತು ಸಿಗಲಿಲ್ಲ. ತೆಳ್ಳಗೆ, ಮೂಗಿನಿಂದ ಬಂದಂತೆ. ಮೈಕ್ ಸರಿಯಾಗಿ ಹಿಡಿಯಲೂ ಇಲ್ಲ. ಹಿಂದಿನವರು "ಏನಂದ? ಏನಂದ?" ಅಂದರು.

ಅಧ್ಯಕ್ಷೆ — "ಇದು ಚುನಾವಣೆ ಸಭೆಯಲ್ಲ ಸಾರ್. ದಯವಿಟ್ಟು ಜಮೀನಿನ ವಿಷಯಕ್ಕೆ ಬನ್ನಿ."

ಅಷ್ಟರಲ್ಲಿ ಡೆಲ್ಮರ್ ಎದ್ದು ಬಂದಿದ್ದ. ನನ್ನನ್ನು ಭುಜದಿಂದ ಪಕ್ಕಕ್ಕೆ ಸರಿಸಿ ಹಾಳೆ ತೆಗೆದುಕೊಂಡ. ಕನ್ನಡಕ ಇರಲಿಲ್ಲ. ಹಾಳೆಯನ್ನು ತೋಳಿನಷ್ಟು ದೂರ ಹಿಡಿದು, ಒಂದೊಂದೇ ಪದ, ತೊದಲಿಕೊಂಡು ಓದಿದ. "ಅವರು" ಎಂದು ಬರೆದ ಕಡೆಯೆಲ್ಲ ಒಮ್ಮೆ "ಸರ್ಕಾರ" ಅಂದ, ಒಮ್ಮೆ "ಕಂಪನಿ" ಅಂದ. ಯಾರೂ ನಗಲಿಲ್ಲ. ವಾಕ್ಯದ ನಡುವೆ ಗಂಟೆ ಹೊಡೆಯಿತು. "ಇನ್ನೆರಡು ಸಾಲಿದೆ ತಾಯಿ" ಅಂದ. ಸಮಯ ಮುಗಿಯಿತು ಅಂದಳು. ಹಾಳೆ ಮಡಿಸಿ ಜೇಬಿಗಿಟ್ಟುಕೊಂಡು ಬಂದು ಕೂತ.

ವಾಪಸ್ ಬರುವಾಗ ಮೂವರೂ ಅವನ ಪಿಕಪ್ಪಿನಲ್ಲಿ. ನಾನು ನಡುವೆ.

"ನನ್ನ ಐವತ್ತು ಸೆಕೆಂಡ್ ತಿಂದೆಯಲ್ಲಯ್ಯಾ," ಅಂದ ಡೆಲ್ಮರ್.

ರೆನೆ ಕಿಟಕಿಯಿಂದ ಹೊರಗೆ ನೋಡುತ್ತಿದ್ದಳು. ಆಮೇಲೆ ಆ ಅಧ್ಯಕ್ಷೆಯನ್ನು ನೇಮಿಸಿದ್ದು ಯಾರೆಂದು ಇಬ್ಬರೂ ಶುರುಮಾಡಿದರು. ಮನೆ ಬರುವವರೆಗೂ ಅದೇ. ನನ್ನ ತಲೆಯ ಮೇಲಿಂದ. ರೆನೆ ಇಳಿದು ದಾರಿ ಬಿಟ್ಟಳು, ನಾನು ಇಳಿದೆ.

ನವೆಂಬರ್ 27, ಬುಧವಾರ

ಕೋರ್ಟ್ನಿಯಿಂದ ಮೇಲ್. ಒಪ್ಪಂದ ಮುರಿದಿದ್ದೇನೆ, ಇನ್ನು ಮುಂದೆ ಕೆಲಸವಿಲ್ಲ. ಸಂಜೆ ಡೆಮಾಕ್ರಟರ ಏಜೆನ್ಸಿಯಿಂದಲೂ — ನನ್ನ ದನಿ ಈಗ "ವಿವಾದಕ್ಕೆ ಸಿಕ್ಕಿದೆ"ಯಂತೆ. ಈ ವರ್ಷ ಎರಡು ಕಡೆಯವರೂ ಒಪ್ಪಿದ ಮೊದಲ ಮಾತು.

ಮಂಡಳಿಯ ತೀರ್ಮಾನ ವಸಂತಕ್ಕಂತೆ. ಡೆಲ್ಮರನ ಹೊಲದಲ್ಲಿ ಅಳತೆಯವರು ಆಗಲೇ ಗೂಟ ನೆಟ್ಟಿದ್ದಾರೆ. ಅವನು ಕಿತ್ತಿಲ್ಲ. ಕೀಳುವುದು ಅಪರಾಧ. ಗೂಟಗಳ ಸುತ್ತ ಟ್ರ್ಯಾಕ್ಟರ್ ತಿರುಗಿಸಿ ಹೊಲ ಕೆದಕಿದನಂತೆ.

ಡಿಸೆಂಬರ್ 3, ಮಂಗಳವಾರ. ಮಧ್ಯಾಹ್ನ 3:40

ಬೆಳಿಗ್ಗೆ ರೆನೆ ಫೋನ್.

"ಒಂದು ಕೇಳ್ಬೇಕು. ಆ ಜಾಹೀರಾತನ್ನ ಓದ್ತಾ ಇದ್ದಾಗ ನಿಂಗೆ ಏನನಿಸ್ತು? ಸಮಾಧಾನಕ್ಕೆ ಹೇಳ್ಬೇಡ. ನಿಜ ಹೇಳು."

"ಏನೂ ಅನಿಸ್ಲಿಲ್ಲ."

ಅವಳ ಕಡೆ ನಲ್ಲಿ ಸುರಿಯುತ್ತಿತ್ತು, ನಿಲ್ಲಿಸಿದಳು.

"ಈಗ?"

ಫೋನನ್ನು ಇನ್ನೊಂದು ಕಿವಿಗೆ ಹಿಡಿದೆ.

"ನಾಲ್ಕಕ್ಕೆ ಬರ್ತೀನಿ. ಫೋನಲ್ಲಿ ಬೇಡ. ನಿನ್ನ ದನಿ ನಂಬಲ್ಲ ನಾನು. ಮುಖ ನೋಡ್ಕೊಂಡು ಕೇಳ್ತೀನಿ."

ಆಗಿನಿಂದ ಕೂತಿದ್ದೇನೆ. ಏನು ಹೇಳಬೇಕೆಂದು ಬರೆದಿಟ್ಟುಕೊಳ್ಳೋಣ ಎಂದು ಈ ಪುಸ್ತಕ ತೆಗೆದೆ. ಬರೆದರೆ ಓದುತ್ತೇನೆ. ಓದಿದರೆ ಅವಳಿಗೆ ತಿಳಿಯುತ್ತದೆ.

ಕಲ್ಲಿನ ಮೇಲೆ ಚಕ್ರದ ಸದ್ದು. ಬೇಗನೇ ಬಂದಳು. ಕಾರಿನ ಬಾಗಿಲು. ಈಗ ಅನಿಸುತ್ತಿರುವುದು, ರೆನೆ, ನನಗೆ ಈಗ —