ನಿನ್ನ ಹೆಸರಿನ ಬಿಲ್ಲೆ

ಮಗಳೇ,

ಬಿಸಿಲೇರುವ ಮೊದಲು ಆ ಔಷಧಿ ಅಂಗಡಿಯ ಬೋರ್ಡು ಬರೆದು ಮುಗಿಸಬೇಕು, ಹೊರಟೆ. ಹಾಲು ಕಾಯಿಸಿ ಮುಚ್ಚಿಟ್ಟಿದ್ದೇನೆ. ಖಾಲಿ ಹೊಟ್ಟೆಯಲ್ಲಿ ಹೋದರೆ ನೋಡು! ಇಸ್ತ್ರಿ ಮಾಡಿದ ನೀಲಿ ಅಂಗಿ ಬಾಗಿಲ ಹಿಂದೆ ಇದೆ.

ಹತ್ತು ಅಂದರೆ ಹತ್ತಕ್ಕೇ ವಿಶ್ವವಿದ್ಯಾಲಯದಲ್ಲಿರು. ಅಲ್ಲಿಯ ಹಳೇ ವಿದ್ಯಾರ್ಥಿಗಳು, ಅಷ್ಟು ದೊಡ್ಡವರು, ಬೇಸಿಗೆ ಶಿಬಿರಕ್ಕೆ ಆಯ್ಕೆಯಾದವರನ್ನು ಮಾತಾಡಿಸಲೆಂದೇ ಬರುತ್ತಿದ್ದಾರೆ. ಏನು ಕಲಿಯುತ್ತೀಯ ಎಂದು ಕೇಳಿದರೆ ನೆಲ ನೋಡಬೇಡ. ಮೊನ್ನೆ ಊಟಕ್ಕೆ ಕೂತಾಗ ನನಗೆ ಹೇಳಿದೆಯಲ್ಲ, ಹಾಗೇ ಹೇಳು. ನನಗೆ ಅರ್ಧ ತಲೆಗೆ ಹೋಗಲಿಲ್ಲ, ಆದರೂ ಬಣ್ಣದ ಅಂಗಡಿಯವನಿಗೆ ಎರಡು ಸಲ ಹೇಳಿದೆ. "ಸಾಕು ಮಾರಾಯಾ, ಗೊತ್ತಾಯ್ತು, ನಿನ್ನ ಮಗಳು ಜಾಣೆ" ಅಂದ.

ಈಗ ಬೈಯಬೇಡ. ಎದೆಗೆ ಸಿಕ್ಕಿಸಿಕೊಳ್ಳಲು ಹೆಸರಿನ ಬಿಲ್ಲೆ ಬೇಕು ಅಂದಿದ್ದೆಯಲ್ಲ, ಬರೆದು ಮೇಜಿನ ಮೇಲಿಟ್ಟಿದ್ದೇನೆ. ಅಕ್ಷರಗಳು ಮುತ್ತಿನ ಹಾಗೆ ಬಂದಿವೆ. ಆದರೆ ಒಂದು ಎಡವಟ್ಟಾಗಿದೆ. ಎಲ್ಲ ಬೋರ್ಡಿನ ಮೂಲೆಯಲ್ಲೂ ನನ್ನ ಹೆಸರು, ಫೋನ್ ನಂಬರು ಬರೆದು ಅಭ್ಯಾಸವಾದ ಕೈ, ಇದರಲ್ಲೂ ಬರೆದುಬಿಟ್ಟಿದೆ. ನಾನು ನೋಡುವಷ್ಟರಲ್ಲಿ ಬಣ್ಣ ಒಣಗಿತ್ತು.

ನಾಚಿಕೆಯಾದರೆ ಕಿಟಕಿಯಲ್ಲಿ ಬಣ್ಣ ಅಳಿಸುವ ಥಿನ್ನರ್ ಇದೆ, ಪಕ್ಕದಲ್ಲೇ ಬಟ್ಟೆ ಇದೆ. ಮೆಲ್ಲಗೆ ಒರೆಸು, ನಿನ್ನ ಹೆಸರಿಗೆ ತಾಗಿಸಬೇಡ.

ನಾನೇ ಒರೆಸೋಣವೆಂದು ಬಟ್ಟೆ ಅದ್ದಿಕೊಂಡು ಕೂತಿದ್ದೆ. ಇಪ್ಪತ್ತಾರು ವರ್ಷ ಕಂಡಕಂಡವರ ಹೆಸರಿನ ಕೆಳಗೆಲ್ಲ ನನ್ನ ಹೆಸರು ಬರೆದಿದ್ದೇನೆ. ನಿನ್ನ ಹೆಸರಿನ ಕೆಳಗಿಂದ ಅಳಿಸಲು ಕೈಯೇ ಬರಲಿಲ್ಲ.

ಅಪ್ಪ